ನೀರು ಮುಟ್ಟಿಸಬಾರದ ಕೋಟು

ಚಹಾದ ಬಿಳಿ ಬಸಿಯಲ್ಲಿ ಬಿದ್ದಿದ್ದ ಎಳೆ ಒಂದು ಉಗುರಿನಷ್ಟು ಉದ್ದವೂ ಇರಲಿಲ್ಲ. ಸುಹಾಸಿನಿ ಲಿಂಬೆಯ ಹೋಳನ್ನು ಅದರ ಮೇಲೆ ಹಿಡಿದು ಒಂದೇ ಹನಿ ಹಿಂಡಿದಳು.

ಇಟ್ಟಂಗಿ ಬಣ್ಣದ ಎಳೆ ಕಣ್ಣೆದುರಿಗೇ ಹಳದಿಗೆ ತಿರುಗಿತು.

"ಹವಾಲ್ದಾರ್ರ, ಇಲ್ಲಿ ಬರ್ರಿ. ಚಹಾ ಆಮ್ಯಾಲೆ ಕುಡೀರಿ."

ಸಿದರಾಯ ಕಪ್ಪು ಹಿಡಿದುಕೊಂಡೇ ಎದ್ದು ಬಂದ. ಬಸಿಯನ್ನು ನೋಡಿದ, ಆಮೇಲೆ ಅವಳ ಮುಖ ನೋಡಿದ.

"ಇದೇನ್ರಿ ಅಕ್ಕಾರ?"

"ಶಿವಲಿಂಗನ ಕೋಟಿನ ಎಳಿ. ಅವರವ್ವ ಮೂರು ವರ್ಷದಿಂದ ಊದಿನಕಡ್ಡಿ ಬೆಳಗೂ ರಕ್ತ ಇದು. ಖರೇ ಹೇಳಬೇಕಂದ್ರ ರಕ್ತ ಅಲ್ಲ. ಅರಿಷಿಣ."

ಕಪ್ಪಿನಲ್ಲಿದ್ದ ಚಹಾ ತುಳುಕಿ ಸಿದರಾಯನ ಹೆಬ್ಬೆರಳಿನ ಮೇಲೆ ಬಿತ್ತು. ಬಿಸಿ ತಾಗಿದ್ದು ಅವನಿಗೆ ತಿಳಿದಂತೆ ಕಾಣಲಿಲ್ಲ.

ಶಹಾಪುರದ ಆ ಓಣಿಯಲ್ಲಿ ಮುಂಜಾನೆ ಏಳಕ್ಕೇ ಮಗ್ಗಗಳ ಖಟಪಟ ಶುರುವಾಗಿತ್ತು. ಅಜ್ಜನ ಕಾಲದ ನೂಲಿನ ಅಂಗಡಿಯ ಹಿಂದಿನ ಕೋಣೆಯೇ ಸುಹಾಸಿನಿಯ ಕೆಲಸದ ಜಾಗ. ಬಸದಿಯ ಹಳೆಯ ಧ್ವಜ, ಯಾರದೋ ಮುತ್ತಜ್ಜಿಯ ಧಾರೆಸೀರೆ, ಹೀಗೆ ಕಾಲ ಕಡಿದ ಬಟ್ಟೆಯನ್ನು ಉಳಿಸಿಕೊಡುವುದು ಅವಳ ಕಸುಬು. ಒಂದು ವರ್ಷದಿಂದ ಮಡಿದ ಸೈನಿಕರ ಸಮವಸ್ತ್ರಗಳೂ ಅದರಲ್ಲಿ ಸೇರಿಕೊಂಡಿದ್ದವು.

ಅವನ್ನು ತರುವವನು ಸಿದರಾಯ. ಫೌಜಿನಿಂದ ನಿವೃತ್ತನಾದ ಹವಾಲ್ದಾರ. ಖಾನಾಪುರ ತಾಲೂಕಿನ ಊರೂರು ತಿರುಗಿ, ಸತ್ತವರ ಟ್ರಂಕು, ಬೂಟು, ಟೊಪ್ಪಿಗೆ, ಕಾಗದಪತ್ರ ಬೇಡಿ ತಂದು ಒಂದು ಹಳೆಯ ಗೋದಾಮಿನಲ್ಲಿ ಜೋಪಾನ ಮಾಡುತ್ತಿದ್ದ. ನಿನ್ನೆ ಸಂಜೆ ಅವನು ತಂದಿಟ್ಟದ್ದು ಈ ಕೋಟು. ಮೂರು ವರ್ಷದ ಹಿಂದೆ ಹಿಮದಲ್ಲಿ ಸತ್ತ ಶಿವಲಿಂಗನದು.

ಕೋಟು ಬಂದ ಮೇಲೆ ಶಿವಲಿಂಗನ ತಾಯಿ ಮಾಯಕ್ಕನ ಫೋನೂ ಬಂದಿತ್ತು.

"ಬಾಯಾರ, ನಾಳೆ ಬಿಟ್ಟು ನಾಡದ ಸಾಲಿ ಮುಂದಿನ ಕಲ್ಲಿನ್ಯಾಗ ಹೆಸರು ಕೆತ್ತತಾರ. ನಮ್ಮೂರಿಂದ ಫೌಜಿಗೆ ಹೋಗಿ ಸತ್ತ ನಾಕು ಮಂದಿದು. ನನ್ನ ಮಗಂದು ಇಲ್ಲ. ಚೌಕಿ ಬಿಟ್ಟು ಓಡಿದಾವ ಅಂತಾರ. ನಾನು ಹಡದಾಕಿ ಹೇಳಿದ್ರ ಯಾರೂ ನಂಬಂಗಿಲ್ಲ. ಆ ಕೋಟಿನ ಅರಿವಿ ಸುಳ್ಳ ಹೇಳಂಗಿಲ್ಲ. ಅದನ್ನ ಒಂದು ಮಾತು ಕೇಳಿ ನೋಡ್ರಿ."

"ಕೇಳತೀನಿ ಯವ್ವಾ," ಎಂದಿದ್ದಳು ಸುಹಾಸಿನಿ. ಮಾತು ಕೊಟ್ಟದ್ದಾಗಿತ್ತು. ಇಂದು ಮುಂಜಾನೆ ಸ್ನಾನ ಮಾಡಿ, ಣಮೋಕಾರ ಮಂತ್ರ ಹೇಳಿ, ಆಮೇಲೆಯೇ ಅವಳು ಕೋಟಿನ ಮಡಿಕೆ ಬಿಚ್ಚಿದ್ದು.

"ಮಡಿಕಿ ಬಿಚ್ಚಿದ ಕೂಡಲೆ ನನಗ ಸಂಶಯ ಬಂತು," ಎಂದಳು. "ರಕ್ತ ಹಳೇದಾದ್ರ ಕಾಫಿ ಬಣ್ಣಕ್ಕ ಬರತದ. ಅರಿವಿ ಹಪ್ಪಳದಂಗ ಬಿರುಸಾಗತದ. ಇದು ಕೈಗೆ ಮೆತ್ತಗ ಹತ್ತತದ ನೋಡ್ರಿ. ಮತ್ತ ಕಲೆ ಹೊರಗಿಂದ ಒಳಗ ಇಳದಿಲ್ಲ. ಒಳಗಿಂದ ಹೊರಗ ಬಂದದ."

ಅವಳು ಕೋಟಿನ ಎಡಗಡೆಯ ಒಳಪದರನ್ನು ಮೆಲ್ಲಗೆ ತೆರೆದು ತೋರಿಸಿದಳು. ಎದೆಯ ಹತ್ತಿರ, ಪದರಿನ ಕೆಳಗೆ, ಇಡೀ ಅಡಕೆಯಷ್ಟು ಒಂದು ಗಂಟು. ಸುತ್ತ ಕರಿ ಉಣ್ಣೆಯ ದಾರ. ಕಂಬಳಿಯ ಅಂಚಿಗೆ ಹಾಕುವ ಹೊಲಿಗೆ.

"ಭಂಡಾರ," ಎಂದ ಸಿದರಾಯ ಸಣ್ಣ ದನಿಯಲ್ಲಿ. ಮಾಯಕ್ಕನ ಹಾಗೆ ಅವನೂ ಕುರುಬರ ಮನೆಯವನೇ. "ದೇವರ ಅರಿಷಿಣ. ಮಗ ದೂರ ಹೊಂಟ್ರ ನಮ್ಮ ಹೆಣಮಕ್ಕಳು ಕಟ್ಟತಾರ."

"ಅದಕ್ಕ ಸಬಕಾರ, ಸೋಡಾ ಬಿದ್ರ ಕೆಂಪಾಗತದ. ಒಲಿ ಮುಂದ ಕುಂತ ಯಾವ ಹೆಣಮಗಳನ್ನ ಕೇಳ್ರಿ, ಹೇಳತಾಳ. ಯಾರೋ ಈ ಕೋಟನ್ನ ಸೋಡಾ ಹಾಕಿ ತೊಳದಾರ. ಸರಿಯಾಗಿ ಜಾಲಾಡಿಸಿಲ್ಲ. ತೊಳದಾವ್ರಿಗೆ ಒಳಗ ಅರಿಷಿಣ ಅದ ಅಂತ ಗೊತ್ತಿರಲಿಲ್ಲ."

"ಗಂಟು ಬಿಚ್ಚಿ ನೋಡಿದ್ರಿ?"

"ಇಲ್ರಿ. ಮನಿ ಕೈ ಹಾಕಿದ ಹೊಲಿಗಿ ನಾ ಬಿಚ್ಚಂಗಿಲ್ಲ. ಅದು ಅವರವ್ವನ ಹಕ್ಕು."

ಕೋಟಿಗೆ ಒಂದು ಚೀಟಿಯನ್ನು ಪಿನ್ನಿನಿಂದ ಚುಚ್ಚಲಾಗಿತ್ತು. ನೀಲಿ ಶಾಯಿ, ಅವಸರದ ಅಕ್ಷರ: 'ನೀರು ಮುಟ್ಟಿಸಬಾರದು.' ಕೆಳಗೆ ಮೂರು ಗೆರೆ. ಮೂರನೆಯದು ಕಾಗದವನ್ನೇ ಹರಿದಿತ್ತು.

"ಇದು ಆ ಗೌರೀಶನ ಕೈ ಅಕ್ಷರ ಅಲ್ಲೇನ್ರಿ? ಮಾಯಕ್ಕಗ ಈ ಕೋಟು ತಂದು ಕೊಟ್ಟಾವ?"

"ಹೌದ್ರಿ. ಶಿವಲಿಂಗನ ಕೂಡ ಒಂದ ಚೌಕಿಯೊಳಗ ಇದ್ದಾವ. ಟ್ರಂಕು ಸರ್ಕಾರದ ಕಡಿಂದ ಬಂತು. ಕೋಟು ಮಾತ್ರ ಇಂವ ತನ್ನ ಕೈಯಾರೆ ತಂದು ಕೊಟ್ಟ. ಸಾಯೂ ಹೊತ್ತಿನ್ಯಾಗ ಮೈಮ್ಯಾಲಿದ್ದ ಕೋಟು, ರಕ್ತ ಹೋಗಬಾರದು ಅಂದ."

"ಮತ್ತ ಓಡಿ ಹೋದ ಅಂತ ಊರಾಗ ಹೇಳಿದಾವನೂ ಇವನ."

"ಇವನ. ಈಗ ಕಲ್ಲಿನ ಕಮಿಟಿಗೆ ಅಧ್ಯಕ್ಷನೂ ಇವನ. ಕಡೀತನಕ ಚೌಕಿ ಬಿಡದಾವ ಅಂತ ಪದಕ ಬಂದೈತಿ."

ಸುಹಾಸಿನಿ ಚೀಟಿಯನ್ನು ತೆಳುಕಾಗದದ ಮೇಲಿಟ್ಟಳು. ಸತ್ತ ಗೆಳೆಯನ ಮೇಲಿನ ಪ್ರೀತಿಗೆ ಬರೆದವನು ಕಾಗದ ಹರಿಯುವಂತೆ ಗೆರೆ ಎಳೆಯುವುದಿಲ್ಲ. ಅಂಜಿದವನು ಎಳೆಯುತ್ತಾನೆ.

"ಹವಾಲ್ದಾರ್ರ, ಸತ್ತವರ ಸಾಮಾನು ಟ್ರಂಕಿಗೆ ಹಾಕೂ ಮುಂದ ಒಂದು ಪಟ್ಟಿ ಮಾಡತಾರಂತಲ್ಲ? ಶಿವಲಿಂಗನ ಪಟ್ಟಿ ಎಲ್ಲದ?"

"ಕಳದೈತ್ರಿ. ಮಾಯಕ್ಕನ್ನ ಕೇಳಿದ್ದೆ. ಇಲಿ ತಿಂದಿರಬೇಕಂದ್ಲು."

"ನೀವೂ ಅದ ಪಲ್ಟನ್‌ನಾವ್ರು. ನಿಮಗೇನೂ ಸುದ್ದಿ ತಿಳೀಲಿಲ್ಲೇನು?"

"ಆ ವರ್ಷ ನಾ ಇಲ್ಲೇ ಬೆಳಗಾವಿಯಾಗ, ಸ್ಟೋರಿನ್ಯಾಗ ಇದ್ದೆ ಬಿಡ್ರಿ. ಮ್ಯಾಲಿನ ಸುದ್ದಿ ನಮಗೆಲ್ಲಿ ಬರತೈತಿ?"

ಅವನು ತನ್ನ ಸಾಮಾನು ಪಟ್ಟಿ ತೆಗೆದು 'ಕೋಟು ಒಂದು, ಚೀಟಿ ಒಂದು' ಎಂದು ಬರೆದ. ಕೆಳಗೆ ಎರಡು ಗೆರೆ ಎಳೆದು, ನಡುವೆ ಕೊಕ್ಕೆಯಂಥದೊಂದು ಗುರುತು ಹಾಕಿದ. ಪ್ರತಿ ಪಟ್ಟಿಗೂ, ಪ್ರತಿ ಚೀಟಿಗೂ ಹಾಕುತ್ತಿದ್ದ ಗುರುತು.

"ಇದೇನ್ರಿ ದಿನಾ? ಗಿಣಿ ಚುಂಚು?"

"ನಮ್ಮ ಹಿಂಡಿನ ಕುರಿ ಕಿವಿ ಗುರುತ್ರಿ," ಸಿದರಾಯ ನಕ್ಕ. "ನಮ್ಮಪ್ಪ ಮರಿ ಕಿವಿ ಹಿಂಗ ಕೊಯ್ತಿದ್ದ. ಪಟ್ಟಿ ಮುಗೀತು, ಇದರ ಕೆಳಗ ಯಾರೂ ಏನೂ ಸೇರಸಂಗಿಲ್ಲ ಅಂತ."

"ಮ್ಯಾಲಿಂದು ಯಾರರೆ ತಗದ್ರ?"

ಸಿದರಾಯನ ನಗು ಅಲ್ಲಿಗೇ ನಿಂತಿತು. "ಬಸ್ಸಿಗೆ ಹೊತ್ತಾತ್ರಿ," ಎಂದ.

* * *

ಖಾನಾಪುರದ ಹಳೆಯ ಹಂಚಿನ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅದರ ಗೋದಾಮನ್ನೇ ಸಿದರಾಯ ಗುಡಿಸಿ, ಸಾರಿಸಿ, ಒಂದು ಗುಡಿಯ ಹಾಗೆ ಮಾಡಿಕೊಂಡಿದ್ದ. ಗೋಡೆಯುದ್ದಕ್ಕೂ ಕರಿ ಟ್ರಂಕುಗಳು. ಪ್ರತಿಯೊಂದರ ಮೇಲೆ ಒಂದು ಫೋಟೋ, ಒಂದು ಚೀಟಿ. ಲೋಂಡಾ ಕಡೆಯ ರೈಲುಗಾಡಿ ಹೋದಾಗೆಲ್ಲ ಟ್ರಂಕಿನ ಚಿಲಕಗಳು ಒಟ್ಟಿಗೆ ಗುಣುಗುಟ್ಟುತ್ತಿದ್ದವು.

ಹತ್ತೊಂಬತ್ತು ಟ್ರಂಕುಗಳಿಗೆ ಬೀಗವಿರಲಿಲ್ಲ. ಬಾಗಿಲ ಹತ್ತಿರದ ಇಪ್ಪತ್ತನೆಯದಕ್ಕೆ ಮಾತ್ರ ಇತ್ತು. ಸಿದರಾಯ ಯಾವಾಗಲೂ ಕೂರುವುದು ಅದರ ಮೇಲೆಯೇ. ಒಮ್ಮೆ ಸುಹಾಸಿನಿ ಕೇಳಿದ್ದಕ್ಕೆ, "ನನ್ನವ ಹಳೇ ಅರಿವಿ, ಅದರಾಗೇನು ನೋಡತೀರಿ," ಎಂದಿದ್ದ.

ಮಾಯಕ್ಕ ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬಂದಳು. ಆ ಗೋದಾಮಿಗೆ ಅವಳು ಬಂದದ್ದು ಅದೇ ಮೊದಲು. ಟ್ರಂಕಿನಿಂದ ಟ್ರಂಕಿಗೆ ನಡೆದು ಚೀಟಿಗಳನ್ನು ಬೆರಳಿನಿಂದ ಮುಟ್ಟಿದಳು.

"ಎಲ್ಲಾ ಕುರಿಗೂ ಒಂದ ಕಿವಿ ಗುರುತೈತಲ್ಲೋ ಯಪ್ಪಾ," ಎಂದಳು. "ಇದನ್ನ ನಾ ಎಲ್ಲೋ ನೋಡೀನಿ."

"ಕುರಿಗಾರರು ಎಲ್ಲೆಲ್ಲೋ ತಿರಗತಾರ ಬಿಡವ್ವಾ," ಎಂದ ಸಿದರಾಯ. "ಕುಂದರು. ನೀರು ಕುಡಿ."

ನಡುವಿನ ಮೇಜಿನ ಮೇಲೆ, ತೊಳೆದ ಬಿಳಿ ಧೋತರದ ಮೇಲೆ ಕೋಟು ಮಲಗಿತ್ತು. ಸುಹಾಸಿನಿ ಒಳಪದರು ತೆರೆದಳು.

"ಈ ಹೊಲಿಗಿ ಯಾರದು ಯವ್ವಾ?"

ಮಾಯಕ್ಕ ಕೈ ಮುಂದೆ ಮಾಡಿ, ಮುಟ್ಟದೆ ಹಾಗೇ ನಿಂತಳು.

"ನಂದ. ಕಡೀ ಸಲ ರಜಾಕ್ಕ ಬಂದಾಗ ಇದನ್ನ ಹಾಕ್ಕೊಂಡ ಗಾಡಿ ಇಳದಿದ್ದ. ಅಲ್ಲೆ ಥಂಡಿ, ಇಲ್ಲೆ ಬೆವರು. ಕಳದು ಗೂಟಕ್ಕ ಹಾಕಿದ. ಅಂವ ಮಲಗಿದಾಗ ಹೊಲದೆ. ಹೇಳಿದ್ರ ನಗತಿದ್ದ. 'ಯವ್ವಾ, ಗುಂಡಿಗೆ ಅರಿಷಿಣ ಅಡ್ಡಾ ಬರತೈತೇನು' ಅಂತಿದ್ದ."

"ಹಂಗಾದ್ರ ಅವಗೂ ಗೊತ್ತಿರಲಿಲ್ಲ?"

"ನನಗ ಗೊತ್ತು, ನನ್ನ ದೇವರಿಗೆ ಗೊತ್ತು."

ಸುಹಾಸಿನಿ ತಲೆಯಾಡಿಸಿದಳು. ಕೋಟು ಶಿವಲಿಂಗನದೇ ಎಂಬುದು ಖಚಿತವಾಯಿತು. ಎದೆಯ ಮೇಲಿನ ಹೆಸರಿನ ಪಟ್ಟಿಯೂ ಮೊದಲಿನ ಹೊಲಿಗೆಯದೇ, ಯಾರೂ ಬಿಚ್ಚಿ ಹಚ್ಚಿರಲಿಲ್ಲ. ಆದರೆ ಬೆನ್ನಿನಲ್ಲಿ, ತೋಳಿನಲ್ಲಿ ಒಂದು ಹರಕೂ ಇರಲಿಲ್ಲ. ಹಿಮದ ಕೆಳಗೆ ಸಿಕ್ಕಿ, ಬಂಡೆಗೆ ಉಜ್ಜಿ, ಸತ್ತವನ ಮೈಮೇಲಿದ್ದ ಕೋಟು ಇದಾಗಿರಲು ಸಾಧ್ಯವೇ ಇರಲಿಲ್ಲ.

ಹಾಗಾದರೆ ಸಾಯುವಾಗ ಶಿವಲಿಂಗ ಯಾರ ಕೋಟು ಹಾಕಿಕೊಂಡಿದ್ದ?

ಹೊರಗೆ ಬೈಕು ನಿಂತ ಸಪ್ಪಳವಾಯಿತು.

ಗೌರೀಶ ಮೂವತ್ತೈದರ ಗಟ್ಟಿ ಆಳು. ಹೋದ ವರ್ಷ ಫೌಜು ಬಿಟ್ಟು ಬಂದು ಪೇಟೆಯಲ್ಲಿ ಪೈಪು, ನಳದ ಅಂಗಡಿ ಇಟ್ಟಿದ್ದ. ಒಳಗೆ ಬಂದವನು ಮಾಯಕ್ಕನನ್ನು ಕಂಡು ಒಂದು ಹೆಜ್ಜೆ ತಡೆದ.

"ನಮಸ್ಕಾರ್ರಿ. ಏನೋ ಸಹಿ ಬೇಕಂತ ಹವಾಲ್ದಾರ್ರು ಫೋನ್ ಮಾಡಿದ್ರು. ಲಗೂ ಮುಗಸೂಣು, ಅಂಗಡ್ಯಾಗ ಯಾರೂ ಇಲ್ಲ. ನಾಳೆ ಕಲ್ಲು ಕೆತ್ತಾವ್ರೂ ಬರತಾರ."

"ಅದಕ್ಕ ಕರಸೀವ್ರಿ," ಎಂದಳು ಸುಹಾಸಿನಿ. "ಕೂಡ್ರಿ."

"ನಿಂತ ಮಾಡತೀನ್ರಿ. ಫೌಜಿ ಮನಿಶಾ, ನಿಂತ ರೂಢಿ."

"ಚೌಕಿಯೊಳಗ ನಿಂತಂಗ?" ಎಂದಳು ಮಾಯಕ್ಕ.

ಗೌರೀಶ ಕುಳಿತ.

ಸುಹಾಸಿನಿ ಒಂದು ಪಾತೇಲಿ ತುಂಬ ನೀರು ತಂದು ಕೋಟಿನ ಬದಿಗಿಟ್ಟಳು. ಸೀರೆಯ ಸೆರಗು ಸಿಕ್ಕಿಸಿ, ತೋಳೇರಿಸಿದಳು.

"ನೀವು ಬರದ ಚೀಟಿ ನೋಡಿದೆ. ಆದ್ರ ಈ ಕಲೆ ಹಿಂಗ ಬಿಟ್ರ ಅರಿವಿ ತಿಂತದ. ಇವತ್ತ ಒಂದು ಸಲ ನೀರಾಗ ಅದ್ದಿ—"

"ಬ್ಯಾಡ್ರಿ!"

ಕುರ್ಚಿ ಹಿಂದಕ್ಕೆ ಬಿತ್ತು. ಗೌರೀಶನ ಎರಡೂ ಕೈ ಪಾತೇಲಿಯನ್ನು ಹಿಡಿದಿದ್ದವು. ನೀರು ನೆಲಕ್ಕೆ ಚೆಲ್ಲಿತು.

"ಬ್ಯಾಡ್ರಿ ಬಾಯಾರ. ಮತ್ತ ಸುರಿತೈತಿ."

"ಮತ್ತ? ಮೊದಲು ಯಾವಾಗ ಸುರದಿತ್ತು?"

ಆ ಚಳಿಗಾಲದ ಮಧ್ಯಾಹ್ನ ಅವನ ಕುತ್ತಿಗೆಯ ಮೇಲೆ ಬೆವರು ಒಡೆದಿತ್ತು.

"ನೀವು ಇದನ್ನ ತೊಳದೀರಿ, ಗೌರೀಶ. ಬಿಸಿನೀರು, ಸೋಡಾ. ತೊಳೀವಾಗ ಎದಿ ಕಡಿಂದ ಕೆಂಪು ಬಂತು. ತೊಳದಂಗೆಲ್ಲ ಹೆಚ್ಚಾತು."

"ನಿಮಗ ಹೆಂಗ..." ಅವನ ದನಿ ಇಳಿಯಿತು. "ಒಣಾ ಕೋಟ್ರಿ ಅದು. ಒಂದು ಹನಿ ರಕ್ತ ಇರಲಿಲ್ಲ ಅದರ ಮ್ಯಾಲೆ. ನನ್ನ ಕೈಯಾಗ, ನನ್ನ ಕಣ್ಣ ಮುಂದ, ರಕ್ತ ಕಾರತು. ಸತ್ತಾವ ನನ್ನ ಬಿಟ್ಟಿಲ್ಲ ಅಂತ ತಿಳದೆ. ಮೂರು ವರ್ಷ ಆತು, ಈಗೂ ನಳದ ನೀರು ಕೈಮ್ಯಾಲೆ ಬಿದ್ರ ಅದ ಕಾಣತೈತಿ."

"ಯವ್ವಾ," ಎಂದಳು ಸುಹಾಸಿನಿ, "ಈಗ ನಿಮ್ಮ ಗಂಟು ಬಿಚ್ಚರಿ."

ಮಾಯಕ್ಕ ಕರಿ ದಾರವನ್ನು ಹಲ್ಲಿನಿಂದ ಕಡಿದಳು. ಗಂಟಿನ ಹೊರಮೈ ಕೆಂಪು. ಒಳಗೆ ಗಟ್ಟಿ ಉಂಡೆಯಾಗಿ ಉಳಿದ ಅರಿಷಿಣ, ಇನ್ನೂ ಹಳದಿ. ಅವಳು ಚಿಟಿಕೆ ತೆಗೆದು ಬಿಳಿ ಚಿಂದಿಗೆ ತಿಕ್ಕಿದಳು. ಸುಹಾಸಿನಿ ಅದರ ಮೇಲೆ ಸೋಡಾ ಕದಡಿದ ನೀರು ಹನಿಸಿದಳು.

ಚಿಂದಿ ಕೆಂಪಾಯಿತು.

ಗೌರೀಶ ಹಿಂದಕ್ಕೆ ಸರಿದ. ಆಮೇಲೆ ಲಿಂಬೆಯ ಹನಿ ಬಿತ್ತು. ಕೆಂಪು ಹಳದಿಗೆ ಮರಳಿತು.

"ಅರಿಷಿಣಕ್ಕ ಅಂಜಿದೆಪಾ ಮೂರು ವರ್ಷ," ಎಂದಳು ಮಾಯಕ್ಕ. ಹಂಗಿಸಿದ ದನಿಯಲ್ಲ ಅದು. ದಣಿದ ದನಿ.

ಆ ಗಟ್ಟಿ ಆಳು ಒದ್ದೆ ನೆಲದ ಮೇಲೆ ಕುಕ್ಕರಿಸಿ, ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ತೊಳಿಯೂ ಹಂತಕ್ಕ ಯಾಕ ಬಂತು?" ಸುಹಾಸಿನಿ ಬಿಡಲಿಲ್ಲ. "ಶಿವಲಿಂಗನ ಕೋಟು ನಿಮ್ಮ ಕೈಗೆ ಹೆಂಗ ಬಂತು?"

"ಕೈಗಲ್ರಿ. ನನ್ನ ಮೈಮ್ಯಾಲಿತ್ತು."

ಲೋಂಡಾದ ಗಾಡಿ ಹೋಯಿತು. ಟ್ರಂಕುಗಳು ಗುಣುಗುಟ್ಟಿ ಸುಮ್ಮನಾದವು. ಬಾಗಿಲ ಬಳಿ, ಬೀಗ ಹಾಕಿದ ಟ್ರಂಕಿನ ಮೇಲೆ, ಸಿದರಾಯ ಬೆರಳಿನಲ್ಲಿ ಕೀಲಿಕೈ ಗೊಂಚಲನ್ನು ತಿರುವುತ್ತ ಕುಳಿತಿದ್ದ.

"ಮಧ್ಯಾಹ್ನ ಎರಡಕ್ಕ ನನ್ನ ಪಾಳಿ," ಎಂದ ಗೌರೀಶ. "ಒಲಿ ಮ್ಯಾಲೆ ಎರಡೂ ಕೋಟು ಒಣಗಿದ್ದು. ಗಡಬಡಿಯೊಳಗ ಅವಂದು ಹಾಕ್ಕೊಂಡೆ. ಅಂವ ಮಲಗಿದ್ದ. ಚೌಕಿಗೆ ಹೋದೆ. ಆದ್ರ ಮನಸ್ಸು ಅಲ್ಲಿರಲಿಲ್ಲ. ನನ್ನ ಹೆಂಡತಿ ಬೆಳಗಾವಿ ನೆಹರು ನಗರದ ದವಾಖಾನ್ಯಾಗ, ದಿನಾ ತುಂಬಿದ್ದು. ಮೂರು ದಿನದಿಂದ ಸುದ್ದಿಲ್ಲ. ಕೆಳಗ ಗುಡ್ಡದ ತಿರುವಿನ್ಯಾಗ ಫೋನ್ ಹತ್ತತಿತ್ತು. ಅರ್ಧ ತಾಸಿನ ಮಾತು ಅಂತ ಇಳದೆ."

"ಚೌಕಿ ಬಿಟ್ಟು."

"ಹೌದ್ರಿ. ಬಿಟ್ಟಾವ ನಾನ. ಕೆಳಗಿನ ಕಾವಲಿನಾವ ನನ್ನ ನೋಡಿದ. ಅಲ್ಲೆ ಮುಖ ಕಾಣಂಗಿಲ್ರಿ. ಮುಖಕ್ಕ ಉಣ್ಣಿ ಟೊಪ್ಪಿಗಿ, ಕಣ್ಣಿಗೆ ಕರೀ ಚಷ್ಮಾ. ಎದಿ ಮ್ಯಾಲಿನ ಹೆಸರ ಪಟ್ಟೀನ ಮುಖ. ಶಿವಲಿಂಗ ಇಳದ ಅಂತ ಅಂವ ಬರಕೊಂಡ."

"ಶಿವಲಿಂಗ?"

"ಎದ್ದು ನೋಡಿರಬೇಕು. ಅವನ ಕೋಟಿಲ್ಲ, ನಂದೈತಿ. ಚೌಕಿ ಖಾಲಿ. ತಿಳಕೊಂಡಾನ. ನನ್ನ ಕೋಟು ಹಾಕ್ಕೊಂಡು ಹೋಗಿ ನನ್ನ ಜಾಗಾದಾಗ ನಿಂತಾನ. ಮಗಳು ಹುಟ್ಟ್ಯಾಳ ಅಂತ ನನಗ ಸು‌ದ್ದಿ ಬಂತು. ಫೋನು ಕಿಸೇದಾಗ ಇಟ್ಟಿಲ್ಲ, ಮ್ಯಾಲೆ ಸಪ್ಪಳ ಆತು. ಹಿಮ ಜಾರಿತು. ಚೌಕಿ ಸಮೇತ ಕೆಳಗ ಬಂತು."

ಮಾಯಕ್ಕ ಕಂಬಳಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

"ಅವನ್ನ ಮೊದಲು ಕಂಡಾವನೂ ನಾನ ಯವ್ವಾ. ಸತ್ತಾವನ ಎದಿ ಮ್ಯಾಲೆ ನನ್ನ ಹೆಸರು. ಮೈಮ್ಯಾಲಿನ ಅವನ ಕೋಟಿನ ಮ್ಯಾಲೆನ ವಾಂತಿ ಮಾಡಕೊಂಡೆ, ಅದಕ್ಕ ಮುಂದ ಅದನ್ನ ತೊಳದೆ. ಆಮ್ಯಾಲೆ... ನನ್ನ ಕೋಟು ಅವನ ಮೈಯಿಂದ ಕಳದು ಹಾಕ್ಕೊಂಡೆ, ಅವಂದು ಮುಚ್ಚಿಟ್ಟೆ. ಎಲ್ಲಾರೂ ಓಡಿ ಬಂದ್ರು. 'ಗೌರೀಶ, ಕಡೀತನಕ ಚೌಕಿಯೊಳಗ ನಿಂತು ಉಳದೀಯೇನೋ' ಅಂದ್ರು. ಗೋಣು ಹಾಕಿದೆ. ಅಷ್ಟ ಮಾಡಿದ್ದು ನಾನು, ಒಂದು ಸಲ ಗೋಣು ಹಾಕಿದ್ದು. ಉಳಕಿದ್ದೆಲ್ಲಾ ಕಾಗದ ತಾನ ಬರಕೊಂತು."

ಮಾಯಕ್ಕ ಬಿಚ್ಚಿದ ಗಂಟನ್ನು ಕೈಗೆತ್ತಿಕೊಂಡಳು.

"ಹಂಗಾದ್ರ ನನ್ನ ಭಂಡಾರ ಅವತ್ತ ನಿನ್ನ ಮೈಮ್ಯಾಲಿತ್ತು," ಎಂದಳು ಮಾಯಕ್ಕ.

"ಹೂಂ ಯವ್ವಾ."

"ನಿನ್ನ ಕಾಯ್ತು."

ಗೌರೀಶ ತಲೆ ಎತ್ತಲಿಲ್ಲ.

"ಸಾಯೂ ಹೊತ್ತಿನ್ಯಾಗ ನನ್ನ ಮಗನ ಮೈಮ್ಯಾಲೆ ಕೋಟು ಇತ್ತಲ್ಲ? ಥಂಡಿಲೆ ಸಾಯಲಿಲ್ಲಲ್ಲ?"

"ಇತ್ತು ಯವ್ವಾ. ಗುಂಡಿ ಎಲ್ಲಾ ಹಾಕ್ಕೊಂಡಿದ್ದ."

ಮಾಯಕ್ಕ ಒಮ್ಮೆ ಕಣ್ಣು ಮುಚ್ಚಿದಳು. ತೆರೆದಾಗ ಅವುಗಳಲ್ಲಿ ನೀರಿರಲಿಲ್ಲ.

"ಮಗಳ ಹೆಸರೇನಿಟ್ಟಿ?"

"ಲಕ್ಷ್ಮೀ."

"ನಿನ್ನ ಲಕ್ಷ್ಮೀ ಆ ಸಾಲಿಗೆ ಹೊಕ್ಕಾಳ. ಆ ಕಲ್ಲು ಓದತಾಳ. ಆಕಿ ಹುಟ್ಟಿದ ದಿನ ಆಕೀ ಅಪ್ಪನ ಪಾಳಿ ನಿಂತಾವನ ಹೆಸರು ಅದರ ಮ್ಯಾಲೆ ಇರಬೇಕು. ಏಳು. ಬಾಯಾರು ಕಾಗದ ಕೊಡತಾರ, ಬರಿ."

ಗೌರೀಶ ಎದ್ದ. ಬರೆದ. ಒಂದು ಪುಟ, ಅದರ ಹಿಂದೆ ಅರ್ಧ. ಸಹಿ ಹಾಕಿ ಸುಹಾಸಿನಿಯ ಕೈಗಿತ್ತು, ಒಣಗಿದ ತುಟಿಯನ್ನು ಒರೆಸಿಕೊಂಡ.

"ಇದಷ್ಟ ಸಾಲಂಗಿಲ್ರಿ. ಕಮಿಟಿಯಾಗ ಆರು ಮಂದಿ ಅದಾರ. ದಫ್ತರದಾಗ ಬರದದ್ದು ಖರೇ, ಇವಗ ತಲಿ ಕೆಟ್ಟೈತಿ ಅಂತಾರ. ನನ್ನ ಕೋಟು ಬೇಕು. ಅದರ ಬೆನ್ನು ಹರದೈತಿ, ಅದಕ್ಕ ಅವನ ರಕ್ತ ಹತ್ತೈತಿ. ಎದಿ ಮ್ಯಾಲೆ ನನ್ನ ಹೆಸರೈತಿ. ಅದು ಸಿಕ್ರ ಯಾರೂ ಬಾಯಿ ತಗಿಯಂಗಿಲ್ಲ."

"ಏನು ಮಾಡಿದ್ರಿ ಅದನ್ನ?"

"ಡೇರೇದಾಗ ಒಗದಿದ್ದೆ, ಸುಡೂಣು ಅಂತ. ಮರುದಿನ ನೋಡಿದ್ರ ಇಲ್ಲ. ಶಿವಲಿಂಗನ ಸಾಮಾನೆಲ್ಲಾ ಗಂಟು ಕಟ್ಟಿ ಕೆಳಗಿನ ಕ್ಯಾಂಪಿಗೆ ಕಳಿಸಿದ್ರು. ಅದರ ಕೂಡ ಹೋಗಿರಬೇಕು. ಅಲ್ಲೆ ಪಟ್ಟಿ ಮಾಡಿದಾವ್ರು ಯಾರೋ ಏನೋ. ನಾ ಅವ್ರನ್ನ ನೋಡಿಲ್ಲ."

"ಪಟ್ಟಿ ಕಳದದಲ್ಲ," ಎಂದಳು ಸುಹಾಸಿನಿ.

"ಯಾರಂದ್ರು?" ಮಾಯಕ್ಕ ಸೊಂಟದ ಎಲೆಯಡಿಕೆ ಸಂಚಿಯ ಬಾಯಿ ಸಡಿಲಿಸಿದಳು. "ಟ್ರಂಕಿನ ಕೂಡ ಬಂದ ಕಾಗದ ಅಲ್ಲೇನ್ರಿ? ಹೆಬ್ಬೆಟ್ಟು ಒತ್ತಿಸಿಕೊಂಡು ಒಂದು ನನಗ ಕೊಟ್ಟಿದ್ರು. ದೇವರ ಜಗಲಿ ಮ್ಯಾಲೆ ಇಟ್ಟಿದ್ದೆ. ಇವತ್ತ ಬೇಕಾಗತೈತೇನೋ ಅಂತ ತಂದೆ."

"ಹವಾಲ್ದಾರ್ರು ನಿಮ್ಮನ್ನ ಕೇಳಿದ್ರಲ್ಲ? ಇಲಿ ತಿಂದದ ಅಂದ್ರಂತ."

"ನನ್ನ ಯಾರೂ ಕೇಳಿಲ್ಲ ಬಾಯಾರ."

ಕೀಲಿಕೈಗಳ ಕಿಣಿಕಿಣಿ ನಿಂತಿತ್ತು.

ಸುಹಾಸಿನಿ ಕಾಗದ ಬಿಚ್ಚಿದಳು. ನಾಲ್ಕು ಮಡಿಕೆ, ಇಂಗ್ಲಿಷ್ ಅಕ್ಷರ, ಸಾಲುಸಾಲಾಗಿ ಶಿಸ್ತು. ಬೂಟು, ಎರಡು ಜೋಡಿ. ಕ್ಷೌರದ ಡಬ್ಬಿ, ಒಂದು. ಬೀರಪ್ಪ ದೇವರ ಫೋಟೋ, ಒಂದು. ಅವಳ ಬೆರಳು ಇಳಿಯುತ್ತ ಇಳಿಯುತ್ತ ಹದಿನೇಳನೆಯ ಸಾಲಿನಲ್ಲಿ ನಿಂತಿತು.

'ಚಳಿಗಾಲದ ಕೋಟು, ಒಂದು. ಬೆನ್ನು ಹರಿದಿದೆ. ರಕ್ತದ ಕಲೆ. ಎದೆಪಟ್ಟಿಯ ಮೇಲಿನ ಹೆಸರು: ಗೌರೀಶ.'

ಗಟ್ಟಿಯಾಗಿ, ಕನ್ನಡದಲ್ಲಿ ಓದಿದಳು. ಗೌರೀಶ ಎರಡೂ ಕೈಯಿಂದ ಮೇಜನ್ನು ಹಿಡಿದುಕೊಂಡ.

"ಯವ್ವಾ, ಟ್ರಂಕಿನ್ಯಾಗ ಕೋಟು ಇತ್ತೇನು?"

"ಇರಲಿಲ್ಲ. ಬೂಟು, ಡಬ್ಬಿ, ದೇವರ ಫೋಟೋ, ಎಲ್ಲಾ ಇತ್ತು. ಕೋಟು ಇಂವ ತಂದದ್ದ."

ಬರೆದವನು ಕಂಡಿದ್ದಾನೆ. ಹೆಸರು ಸಮೇತ ಬರೆದಿದ್ದಾನೆ. ಬರೆದ ಮೇಲೆ ತೆಗೆದಿದ್ದಾನೆ. ಸುಹಾಸಿನಿ ಸಹಿಗಾಗಿ ಕೆಳಗೆ ನೋಡಿದಳು. ನೀರು ಬಿದ್ದು ಅದು ಅಳಿಸಿಹೋಗಿತ್ತು. ಕಾಗದವನ್ನು ಬೆಳಕಿಗೆ ಹಿಡಿದರೂ ಹೆಸರು ಹತ್ತಲಿಲ್ಲ.

"ಅಕ್ಷರ ನನಗ ತಿಳಿಯಂಗಿಲ್ಲ," ಎಂದಳು ಮಾಯಕ್ಕ. ಅವಳ ಒರಟು ಬೆರಳು ಕಾಗದದ ತುದಿಗೆ, ಕೊನೆಯ ಸಾಲಿನ ಕೆಳಗೆ ಬಂದು ಕೂತಿತು. "ಆದ್ರ ಇದು ತಿಳೀತೈತಿ ಬಾಯಾರ. ಎಲ್ಲೋ ನೋಡೀನಿ ಅಂದೆನಲ್ಲ? ಮೂರು ವರ್ಷದಿಂದ ಜಗಲಿ ಮ್ಯಾಲೆ ದಿನಾ ನೋಡೀನಿ."

ಎರಡು ಗೆರೆ. ನಡುವೆ, ಕುರಿಯ ಕಿವಿ ಕೊಯ್ದ ಹಾಗೆ, ಒಂದು ಕೊಕ್ಕೆ.

ಸುಹಾಸಿನಿ ತಲೆ ಎತ್ತಿದಳು. ಗೋಡೆಯುದ್ದಕ್ಕೂ ಹತ್ತೊಂಬತ್ತು ಟ್ರಂಕು, ಹತ್ತೊಂಬತ್ತು ಚೀಟಿ, ಹತ್ತೊಂಬತ್ತು ಕೊಕ್ಕೆ. ಆ ವರ್ಷ ನಾ ಬೆಳಗಾವಿಯಾಗ ಇದ್ದೆ ಬಿಡ್ರಿ. ಹೆಬ್ಬೆರಳಿನ ಮೇಲೆ ಬಿದ್ದ ಬಿಸಿ ಚಹಾ. ಸತ್ತವರ ಬಟ್ಟೆಗಾಗಿ ಊರೂರು ತಿರುಗುವ ಈ ಮನುಷ್ಯ ಇಷ್ಟು ದಿನ ಯಾರ ಮನೆಯ ಬಾಗಿಲನ್ನು ತಟ್ಟಲಾರದೆ ತಿರುಗುತ್ತಿದ್ದ?

ಅವಳು ಕಾಗದವನ್ನು ಮಡಿಚಿ ಮಾಯಕ್ಕನ ಕೈಗೆ ಕೊಟ್ಟಳು. ಒದ್ದೆ ನೆಲ ದಾಟಿ ಬಾಗಿಲಿನವರೆಗೆ ನಡೆದಳು. ದನಿ ಏರಿಸಲಿಲ್ಲ.

"ಹವಾಲ್ದಾರ್ರ, ಒಂಚೂರು ಏಳ್ರಿ."

ಸಿದರಾಯ ಏಳಲಿಲ್ಲ. ಬೀಗ ಹಾಕಿದ ಟ್ರಂಕಿನ ಅಂಚನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ.